ಲೋಹದ ಕವಾಟಕ್ಕೆ ಇನ್ನೂ ಹಳೆಯ ಮಾತ್ರೆಯೇ ಏಕೆ?

ಪ್ರಶ್ನೆ: ಆರು ವರ್ಷಗಳ ಹಿಂದೆ ನಮ್ಮ ತಾಯಿಯ ಹೃದಯಕ್ಕೆ ಲೋಹದ ಕವಾಟ ಕೂರಿಸಿದ್ದಾರೆ. ಅಂದಿನಿಂದ ರಕ್ತ ಹೆಪ್ಪುಗಟ್ಟದಿರಲೆಂದು ಅಸಿಟ್ರಾಮ್ ಮಾತ್ರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ತಿಂಗಳಿಗೊಮ್ಮೆ. ಅದಕ್ಕೆಂದೇ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಪಕ್ಕದ ಮನೆಯವರಿಗೆ ಈ ಪರೀಕ್ಷೆಯೇ ಬೇಡದ ಹೊಸ ಮಾತ್ರೆ ಕೊಟ್ಟಿದ್ದಾರೆ. ನಾವೂ ಅದನ್ನೇ ಬರೆಸಿಕೊಳ್ಳಬಹುದೆ?

ಉತ್ತರ: ದಯವಿಟ್ಟು ಬೇಡ. ನಿಮ್ಮ ಕಷ್ಟ ನನಗೆ ಗೊತ್ತು. ನಮ್ಮ ಚಿಕ್ಕಮ್ಮನಿಗೂ ಇಂಥದೇ ಕವಾಟವಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇಂದು ‘ಒಂದು’, ನಾಳೆ ‘ಅರ್ಧ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು, ತರಕಾರಿ ಹೆಚ್ಚುವ ಚೂರಿಯಲ್ಲೇ ಮಾತ್ರೆ ಕತ್ತರಿಸುತ್ತಾರೆ. ಆದರೂ ಆ ಮಾತ್ರೆಯನ್ನು ಬದಲಿಸಿ ಎಂದು ನಾನು ಹೇಳಲಾರೆ.

ಪಕ್ಕದ ಮನೆಯವರಿಗೆ ಬಹುಶಃ ಕವಾಟದ ತೊಂದರೆಯಿಲ್ಲದೆ ಹೃದಯದ ಬಡಿತ ಮಾತ್ರ ಲಯ ತಪ್ಪಿರಬೇಕು. ಅಂಥವರಿಗೆ ಹೊಸ ಮಾತ್ರೆಗಳು ನಿಜಕ್ಕೂ ಒಳ್ಳೆಯವು. ಲೋಹದ ಕವಾಟದವರಿಗೂ ಅವು ಒಗ್ಗಬಹುದೆ ಎಂದು ವೈದ್ಯರೇ ಆಸೆಯಿಂದ ಪರೀಕ್ಷಿಸಿ ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ‘ರಿ-ಅಲೈನ್’ ಅಧ್ಯಯನದಲ್ಲಿದ್ದವರು 252 ಮಂದಿ. ಹೊಸ ಮಾತ್ರೆ ಡಬಿಗಟ್ರಾನ್ ತೆಗೆದುಕೊಂಡವರಲ್ಲಿ 9 ಜನರಿಗೆ ಪಾರ್ಶ್ವವಾಯು ಬಡಿಯಿತು. ಅಸಿಟ್ರಾಮ್ ಬಗೆಯದೇ ಆದ ಹಳೆಯ ವಾರ್ಫರಿನ್ ತೆಗೆದುಕೊಂಡವರಲ್ಲಿ ಒಬ್ಬರಿಗೂ ಇಲ್ಲ. ರಕ್ತಸ್ರಾವವೂ ಹೊಸ ಮಾತ್ರೆಯವರಲ್ಲೇ ಹೆಚ್ಚಿತ್ತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಮುಂದೆ ಅಪಿಕ್ಸಬಾನ್ ಎಂಬ ಇನ್ನೊಂದು ಮಾತ್ರೆಯನ್ನು, ಹೆಪ್ಪುಗಟ್ಟುವ ಅಪಾಯ ಕಡಿಮೆಯೆಂದು ಹೆಸರಾದ ಒಂದು ಬಗೆಯ ಕವಾಟವಿದ್ದ 863 ಜನರಲ್ಲಿ ಪರೀಕ್ಷಿಸಿದರು. ಅದನ್ನೂ 2022ರಲ್ಲಿ ನಡುವೆಯೇ ಕೈಬಿಡಬೇಕಾಯಿತು.

ಹೀಗೇಕೆ? ಲೋಹದ ಕವಾಟವೆಂದು ಕರೆದರೂ ಈಗಿನ ಹೆಚ್ಚಿನ ಕವಾಟಗಳ ರೆಕ್ಕೆಗಳು ವಿಶೇಷ ಇಂಗಾಲದವು. ಯಾವುದರದ್ದಾದರೂ ರಕ್ತಕ್ಕೆ ಅದು ಹೊರಗಿನ ವಸ್ತುವೇ. ತಾಗಿದೊಡನೆ ಹೆಪ್ಪುಗಟ್ಟಲು ಹವಣಿಸುತ್ತದೆ. ಹಳೆಯ ಮಾತ್ರೆ ಯಕೃತ್ತಿನಲ್ಲಿ ವಿಟಮಿನ್ ಕೆ ನೆರವಿನಿಂದ ತಯಾರಾಗುವ ಹೆಪ್ಪುಗಟ್ಟಿಸುವ ನಾಲ್ಕು ಅಂಶಗಳನ್ನು ಒಟ್ಟಿಗೇ ತಗ್ಗಿಸುತ್ತದೆ. ಹೊಸ ಮಾತ್ರೆಗಳು ಒಂದೊಂದು ಅಂಶವನ್ನಷ್ಟೇ ತಡೆಯುತ್ತವೆ. ಕವಾಟದ ಬಳಿ ಆ ಒಂದು ತಡೆ ಸಾಲುವುದಿಲ್ಲ ಎಂಬುದು ಸಂಶೋಧಕರ ವಿವರಣೆ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಇನ್ನೊಂದು ಅಧ್ಯಯನ, ‘ಇನ್ವಿಕ್ಟಸ್’. ಬಾಲ್ಯದ ಗಂಟಲು ಸೋಂಕಿನಿಂದ ಶುರುವಾಗಿ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಹೃದ್ರೋಗ ನಮ್ಮಂಥ ದೇಶಗಳ ಕಾಯಿಲೆ. ದೊಡ್ಡ ಸಂಶೋಧನೆಗಳು ಅದರತ್ತ ತಿರುಗಿ ನೋಡಿದ್ದು ಕಡಿಮೆ. ಆಗ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿದ್ದ ಡಾ. ಗಣೇಶನ್ ಕಾರ್ತಿಕೇಯನ್ ಅವರೂ ಮುಂಚೂಣಿಯಲ್ಲಿದ್ದ ಈ ಅಧ್ಯಯನ, ಭಾರತವೂ ಸೇರಿ 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳನ್ನು ಸರಾಸರಿ ಮೂರು ವರ್ಷ ಗಮನಿಸಿತು. ಅವರಿಗೆ ಲೋಹದ ಕವಾಟವಿರಲಿಲ್ಲ. ಸ್ವಂತ ಕವಾಟವೇ ಕೆಟ್ಟು ಬಡಿತ ಲಯ ತಪ್ಪಿತ್ತು. ನೂರರಲ್ಲಿ 72 ಮಂದಿ ಹೆಂಗಸರು, ಸರಾಸರಿ ವಯಸ್ಸು ಸುಮಾರು 50. ಹೊಸ ರಿವರಾಕ್ಸಬಾನ್ ತೆಗೆದುಕೊಂಡವರಲ್ಲಿ 552 ಸಾವು, ಹಳೆಯ ಬಗೆಯ ಮಾತ್ರೆಯವರಲ್ಲಿ 442. ಅದೂ ಐಎನ್‌ಆರ್ ಅನೇಕ ಸಲ ಮಿತಿಯೊಳಗೆ ನಿಲ್ಲದಿದ್ದರೂ! 2022ರಲ್ಲಿ ಈ ಫಲಿತಾಂಶ ಬಂದಾಗ ಬಹಳ ವೈದ್ಯರಿಗೆ ಅಚ್ಚರಿಯಾಯಿತು. ಅಗ್ಗದ ಮಾತ್ರೆ ಬಡವರಿಗೆ ಸಾಕೆಂದು ಯಾರೋ ಬರೆದುಕೊಡುತ್ತಿದ್ದಾರೆ ಎಂಬ ಅನುಮಾನ ನಿಮಗಿದ್ದರೆ ಅದನ್ನು ಬಿಟ್ಟುಬಿಡಿ.

ಪ್ರಾಣಿಗಳಿಂದ ಪಡೆದ ಅಂಗಾಂಶದ ಕವಾಟವಾದರೆ ಮಾತು ಬೇರೆ. ಬ್ರೆಜಿಲ್‌ನಲ್ಲಿ 1005 ಜನರ ಮೇಲೆ ನಡೆದ 2020ರ ಅಧ್ಯಯನದಲ್ಲಿ, ಅಂಥ ಕವಾಟವಿದ್ದು ಬಡಿತವೂ ಲಯ ತಪ್ಪಿದವರಿಗೆ ರಿವರಾಕ್ಸಬಾನ್ ವಾರ್ಫರಿನ್ನಿಗಿಂತ ಕಡಿಮೆಯೇನೂ ಆಗಲಿಲ್ಲ. ಹಾಗಾಗಿ ಯಾವ ಕವಾಟವೆಂದು ಡಿಸ್ಚಾರ್ಜ್ ಕಾಗದದಲ್ಲಿ ಒಮ್ಮೆ ನೋಡಿಕೊಳ್ಳಿ.

ನಾವು ಒತ್ತಾಯಿಸಿ ಕೇಳಬೇಕಾದದ್ದು ಬೇರೆ ಮಾತ್ರೆಯನ್ನಲ್ಲ, ಮನೆಯ ಹತ್ತಿರ ಪರೀಕ್ಷೆಯನ್ನು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಐಎನ್‌ಆರ್ ಪರೀಕ್ಷೆ ಸಿಗಲೇಬೇಕು. ಹತ್ತಿರದ ನಂಬಿಕಸ್ಥ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಫೋನಿನಲ್ಲಿ ತಿಳಿಸಬಹುದೆ ಎಂದು ನಿಮ್ಮ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಐಎನ್‌ಆರ್, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟಕ್ಕೆ 2.5ರಿಂದ 3.5, ಹೃದಯದಿಂದ ಮಹಾಪಧಮನಿಗೆ ತೆರೆಯುವ ಅಯೋರ್ಟಿಕ್ ಕವಾಟಕ್ಕೆ 2ರಿಂದ 3ರ ನಡುವೆ ಇರಬೇಕು. ತಾಯಿಯವರ ಗುರಿ ಎಷ್ಟೆಂದು ಬರೆಸಿಕೊಳ್ಳಿ.

ಸೊಪ್ಪು ಬಿಡಬೇಕೆ ಎಂದು ಎಲ್ಲರೂ ಕೇಳುತ್ತಾರೆ. ಬಿಡಬೇಕಿಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸ ತಗ್ಗಿಸುವುದು ನಿಜ. ಆದರೆ ವಾರಕ್ಕೆ ಎರಡು ಸಲ ಬಸ್ಸಾರು ಮಾಡುವ ಮನೆಯಲ್ಲಿ ವಾರವಾರವೂ ಎರಡೇ ಸಲ ಮಾಡಿದರೆ ಡೋಸ್ ಅದಕ್ಕೇ ಹೊಂದಿಕೊಳ್ಳುತ್ತದೆ. ಹೆಚ್ಚು ಭಯಪಡಬೇಕಾದದ್ದು ಅಂಗಡಿಯಿಂದ ತಾನೇ ತಂದು ನುಂಗುವ ನೋವಿನ ಮಾತ್ರೆಗೆ, ಪರಿಚಯವಿಲ್ಲದ ನಾಟಿ ಔಷಧಿಗೆ. ಹಲ್ಲು ಕೀಳಿಸುವ ಮುನ್ನ ಹೃದಯದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಈ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಬಸಿರಿಗೆ ಮೊದಲೇ ವೈದ್ಯರನ್ನು ಕಾಣಬೇಕು, ಏಕೆಂದರೆ ಇದು ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು.

ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ತಾಯಿಯ ಪಕ್ಕ ಕುಳಿತರೆ, ಕೈಗಡಿಯಾರದಂತೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿಸಬಹುದು. ಅದು ಕವಾಟ ಮುಚ್ಚುವ ಸದ್ದು. ದಿನವೂ ಕೇಳುತ್ತಿದ್ದ ಆ ಸದ್ದು ಮಂಕಾದರೆ, ಜೊತೆಗೆ ಉಸಿರು ಕಟ್ಟಿದರೆ, ಅಥವಾ ಕೈಕಾಲಿನ ಬಲ ಕುಂದಿ ಮಾತು ತೊದಲಿದರೆ, ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.