ಕಂಕುಳ ಬೆವರಿನ ಚಿಕಿತ್ಸೆ: ಕೆರೆ, ತೂಬು, ನೀರುಗಂಟಿ ಲೆಕ್ಕದಲ್ಲಿ ಓದಿದ ಟಿಪ್ಪಣಿ

ಮೆಡಿಕಲ್ ಓದಿನ ಸ್ಕಿನ್ ಪೋಸ್ಟಿಂಗ್ (ಚರ್ಮ ವಿಭಾಗದ ಸರದಿ) ಮುಗೀತಾ ಬಂತು, ಹೈಪರ್‌ಹೈಡ್ರೋಸಿಸ್ (ಅತಿಯಾಗಿ ಬೆವರೋದು) ಚಾಪ್ಟರ್ ಮಾತ್ರ ಮೂರು ಸಲ ಓದಿ ಮೂರು ಸಲಾನೂ ಮರ್ತೆ. ಪುಸ್ತಕದಲ್ಲಿ ಅಲ್ಯೂಮಿನಿಯಂ ಕ್ಲೋರೈಡು, ಬೊಟಾಕ್ಸು, ಮಾತ್ರೆ, ಆಪರೇಷನ್ನು ಅಂತ ಒಂದರ ಕೆಳಗೊಂದು ಜೋಡ್ಸಿಟ್ಟಿರ್ತಾರೆ, ಯಾವುದು ಎಲ್ಲಿ ಹೋಗಿ ಕೆಲ್ಸ ಮಾಡುತ್ತೆ ಅನ್ನೋದು ತಲೇಲಿ ಕೂರೋದೇ ಇಲ್ಲ. ಕೊನೆಗೆ ನಮ್ಮೂರ ಕೆರೆ ನೆನೆಸ್ಕೊಂಡು ಹಾಳೆ ಮೇಲೆ ಒಂದು ಗೆರೆ ಎಳೆದೆ, ಆಮೇಲೆ ಮರೆತಿಲ್ಲ. ನನಗೇ ಈ ಸಮಸ್ಯೆ ಇದೆ, ಪಿಯುಸಿಯಿಂದ ಈಚೆಗೆ ತಿಳಿ ನೀಲಿ ಶರ್ಟ್ ಹಾಕಿಲ್ಲ, ಹಾಗಾಗಿ ಇದರಲ್ಲಿ ಸ್ವಲ್ಪ ಸ್ವಾರ್ಥಾನೂ ಇದೆ ಅಂದ್ಕೊಳ್ಳಿ.

ಗೆರೆ ಇದು. ಮೆದುಳಲ್ಲಿ ಹೈಪೋಥಲಾಮಸ್ಸು ಪಂಚಾಯ್ತಿ ಆಫೀಸು, ನೀರು ಬಿಡಿ ಅಂತ ಆರ್ಡರ್ ಹೊರಡೋದು ಅಲ್ಲಿಂದ. ಆ ಆರ್ಡರ್ ಬೆನ್ನುಹುರಿ ಇಳಿದು ಎದೆಗೂಡಲ್ಲಿರೋ ಸಿಂಪಥೆಟಿಕ್ ಚೈನ್ ಅನ್ನೋ ತಂತಿ ಹಿಡ್ಕೊಂಡು ಕಂಕುಳಿಗೆ ಬರುತ್ತೆ. ನರದ ತುದಿ ಅಂದ್ರೆ ನೀರುಗಂಟಿ (ಕೆರೆ ನೀರು ಬಿಡೋ ಆಳು) ಮನೆ, ಅಲ್ಲಿಂದ ಹೊರಗೆ ಬರೋ ರಾಸಾಯನಿಕ, ಅಸಿಟೈಲ್‌ಕೋಲಿನ್ನೇ ನೀರುಗಂಟಿ. ಅವನು ಹೋಗಿ ಎತ್ತೋ ತೂಬು ಅಂದ್ರೆ ಗ್ರಂಥಿ ಮೇಲೆ ಆ ರಾಸಾಯನಿಕನ ಹಿಡಿಯೋ ಮಸ್ಕರಿನಿಕ್ ರಿಸೆಪ್ಟರು, ಮುಖ್ಯವಾಗಿ ಎಂ3 ಅನ್ನೋ ಬಗೆ. ನೀರಾಗಿ ಬೆವರು ಸುರಿಸೋ ಎಕ್ರೈನ್ ಗ್ರಂಥಿ ಕೆರೆ. ಅಲ್ಲಿಂದ ಚರ್ಮದ ಮೇಲಕ್ಕೆ ಬರೋ ಸಣ್ಣ ನಾಳ ಕಾಲುವೆ. ಇಷ್ಟೇ. ಇನ್ಮೇಲೆ ಯಾವ ಚಿಕಿತ್ಸೆ ಹೆಸರು ಬಂದ್ರೂ ಇದರಲ್ಲಿ ಎಲ್ಲಿ ಅಡ್ಡ ಹಾಕ್ತಾರೆ ಅಂತ ಕೇಳ್ಕೊಳ್ಳಿ ಸಾಕು.

ವೈವಾದಲ್ಲಿ (ಬಾಯಿ ಪರೀಕ್ಷೆ) ಇಲ್ಲೊಂದು ಗುಂಡಿ ತೋಡಿರ್ತಾರೆ, ಹುಷಾರು. ಸಿಂಪಥೆಟಿಕ್ ನರ ಅಂದ ಮೇಲೆ ನಾರ್ ಅಡ್ರಿನಲಿನ್ ಬರ್ಬೇಕಲ್ವಾ ಅಂತ ಕೇಳ್ತಾರೆ, ಬೆವರಿನ ಎಕ್ರೈನ್ ಗ್ರಂಥಿ ಆ ರೂಲಿಗೆ ಹೊರತು, ನರ ಸಿಂಪಥೆಟಿಕ್ಕೇ ಆದ್ರೂ ಹೊರಬರೋದು ಅಸಿಟೈಲ್‌ಕೋಲಿನ್ನು, ಅದಕ್ಕೇ ಅಸಿಟೈಲ್‌ಕೋಲಿನ್ ಕೆಲ್ಸ ತಡೆಯೋ ಆಂಟಿಕೋಲಿನರ್ಜಿಕ್ ಮಾತ್ರೆ, ಬೊಟಾಕ್ಸ್ ಎರಡೂ ಇಲ್ಲಿ ಕೆಲ್ಸ ಮಾಡೋದು. ಕಂಕುಳಲ್ಲಿ ಅಪೋಕ್ರೈನ್ ಗ್ರಂಥಿನೂ ಇರುತ್ತೆ, ವಾಸನೆ ಕತೆ ಅದರದ್ದು, ಅದರ ಸ್ರಾವನ ಬ್ಯಾಕ್ಟೀರಿಯಾ ಒಡೆದಾಗ ನಾತ ಬರುತ್ತೆ. ಒದ್ದೆ ಬೇರೆ ವಾಸನೆ ಬೇರೆ. ಅಂಗಡೀಲಿ ಸಿಗೋ ಡಿಯೋ ಸ್ಪ್ರೇ ವಾಸನೆಗೆ ಅಷ್ಟೇ, ಬೆವರು ನಿಲ್ಸೋಕೆ ಆಂಟಿಪರ್ಸ್ಪಿರೆಂಟ್ ಅಂತ ಬರೆದಿರ್ಬೇಕು, ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತೆ. ನಾನು ಎರಡು ವರ್ಷ ಬರೀ ಡಿಯೋ ಹೊಡ್ಕೊಂಡು ಘಮ ಘಮ ಅಂತ ಒದ್ದೆಯಾಗಿ ಓಡಾಡಿದೀನಿ.

ಚಿಕಿತ್ಸೆಗೆ ಮುಂಚೆ ಇದು ಪ್ರೈಮರಿನಾ (ತಾನಾಗೇ ಬಂದದ್ದು) ಸೆಕೆಂಡರಿನಾ (ಬೇರೆ ಕಾರಣದಿಂದ ಬಂದದ್ದು) ಅಂತ ಗೊತ್ತಾಗ್ಬೇಕು. ಬೇರೆ ಕಾರಣ ಕಾಣದೆ 6 ತಿಂಗಳಿಗೂ ಹೆಚ್ಚು ಒಂದೇ ಜಾಗದಲ್ಲಿ ಕಣ್ಣಿಗೆ ಕಾಣೋ ಅಷ್ಟು ಬೆವರಿದ್ರೆ, ಜೊತೆಗೆ ಈ ಆರರಲ್ಲಿ ಎರಡಾದ್ರೂ ಇದ್ರೆ ಪ್ರೈಮರಿ: ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಸಮ, ವಾರಕ್ಕೆ ಒಂದು ಸಲನಾದ್ರೂ ಬರೋದು, 25 ವರ್ಷದೊಳಗೆ ಶುರುವಾಗಿರೋದು, ಮನೇಲಿ ಬೇರೆಯವರಿಗೂ ಇರೋದು, ನಿದ್ದೇಲಿ ನಿಂತು ಹೋಗೋದು, ದಿನದ ಕೆಲ್ಸಕ್ಕೆ ತೊಂದ್ರೆ ಆಗೋದು. ಇದರಲ್ಲಿ ನಿದ್ದೆ ಪಾಯಿಂಟ್ ನನಗೆ ತುಂಬಾ ಇಷ್ಟ, ಯಾಕಂದ್ರೆ ಒಂದೇ ಪ್ರಶ್ನೇಲಿ ಅರ್ಧ ದಾರಿ ಸಿಕ್ಕಿಬಿಡುತ್ತೆ. ಮಲಗಿದಾಗ್ಲೂ ಹಾಸಿಗೆ ಒದ್ದೆಯಾಗೋ ಹಾಗೆ ಮೈಯೆಲ್ಲಾ ಬೆವರಿದ್ರೆ ಕಂಕುಳು ಬಿಟ್ಟು ಬೇರೆ ಕಡೆ ಹುಡುಕ್ಬೇಕು, ಥೈರಾಯ್ಡು, ಟಿಬಿ, ಲಿಂಫೋಮಾ (ದುಗ್ಧಗ್ರಂಥಿ ಕ್ಯಾನ್ಸರ್), ಶುಗರ್ ಇಳಿಯೋದು, ಮುಟ್ಟು ನಿಲ್ಲೋ ವಯಸ್ಸು, ಖಿನ್ನತೆಗೆ ಕೊಡೋ ಎಸ್‌ಎಸ್‌ಆರ್‌ಐ ಮಾತ್ರೆ, ಹೀಗೆ.

ಎಷ್ಟು ಜೋರಿದೆ ಅಂತ ಅಳೆಯೋಕೆ ಎಚ್‌ಡಿಎಸ್‌ಎಸ್ ಅಂತ 1ರಿಂದ 4ರ ಸ್ಕೇಲ್ ಇದೆ. 1 ಅಂದ್ರೆ ಗಮನಕ್ಕೇ ಬರಲ್ಲ, 2 ತಡ್ಕೋಬಹುದು, 3 ತಡ್ಕೊಳ್ಳೋದೇ ಕಷ್ಟ, 4 ಆಗೋದೇ ಇಲ್ಲ. 3, 4 ಬಂದ್ರೆ ಸಿವಿಯರ್. ಎಲ್ಲಿ ಜಾಸ್ತಿ ಬೆವರುತ್ತೆ ಅಂತ ನೋಡೋಕೆ ಮೈನರ್ ಟೆಸ್ಟ್, ಅಯೋಡಿನ್ ಹಚ್ಚಿ ಒಣಗಿಸಿ ಮೇಲೆ ಪಿಷ್ಟದ ಪುಡಿ ಉದುರ್ಸೋದು, ಬೆವರು ಬಂದ ಕಡೆ ಕಪ್ಪು ನೀಲಿ ಬಣ್ಣ ಬರುತ್ತೆ. ಮೈನರ್ ಅಂದ್ರೆ ಸಣ್ಣ ಟೆಸ್ಟ್ ಅಂತಲ್ಲ, 1928ರಲ್ಲಿ ಇದನ್ನ ಬರೆದ ನರರೋಗ ತಜ್ಞನ ಹೆಸರೇ ಮೈನರ್. ನಾನು ಇದನ್ನ ಸಣ್ಣ ಟೆಸ್ಟ್ ಅಂತಾನೇ ಓದ್ಕೊಂಡಿದ್ದೆ, ನಗ್ಬೇಡಿ.

ಈಗ ಅಲ್ಯೂಮಿನಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್. ಇದರ ಬಗ್ಗೆ ಜಾಸ್ತಿ ಬರೀತೀನಿ, ಯಾಕಂದ್ರೆ ಫಸ್ಟ್ ಲೈನ್, ಅಂದ್ರೆ ಮೊದಲು ಕೊಡೋ ಚಿಕಿತ್ಸೆ ಇದೇ, ಓಪಿಡಿಲಿ "ಅದು ಹಚ್ಚಿ ನೋಡ್ದೆ ಸಾರ್, ಉರಿ ಬಿಟ್ರೆ ಏನೂ ಆಗಲಿಲ್ಲ" ಅಂತ ಬರೋರೂ ಇದನ್ನ ಹಚ್ಚಿದವರೇ, ಹೇಗೆ ಹಚ್ಚಿದ್ರಿ ಅಂತ ಕೇಳಿದ್ರೆ ಬೆಳಗ್ಗೆ ಸ್ನಾನ ಮಾಡಿ ಒದ್ದೆ ಕಂಕುಳಿಗೆ ಹಚ್ಕೊಂಡು ಕೆಲ್ಸಕ್ಕೆ ಓಡಿರ್ತಾರೆ. ಇದು ಕಾಲುವೆ ಬಾಯಿ ಮುಚ್ಚೋ ಔಷಧಿ, ಲವಣ ನಾಳದೊಳಗೆ ಇಳಿದು ಅಲ್ಲಿ ಗರಣೆ ಕಟ್ಟಿ ಬಿರಡೆ ಥರ ಕೂರ್ಬೇಕು. ಹಗಲು ನೀರು ರಭಸವಾಗಿ ಹರೀತಿರುವಾಗ ಕಾಲುವೆಗೆ ಮಣ್ಣು ಹಾಕಿದ್ರೆ ನಿಲ್ಲುತ್ತಾ? ಕೊಚ್ಕೊಂಡು ಹೋಗುತ್ತೆ. ರಾತ್ರಿ ಬೆವರು ಕಮ್ಮಿ, ಆಗ ಹಚ್ಬೇಕು. ಇನ್ನೊಂದು, ಚರ್ಮ ಒದ್ದೆ ಇದ್ರೆ ಅಲ್ಯೂಮಿನಿಯಂ ಕ್ಲೋರೈಡ್ ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಸಿಡ್ ಆಗುತ್ತೆ, ಉರಿಗೆ ಕಾರಣ ಅದೇ. ಹಾಗಾಗಿ ಕಂಕುಳು ಪೂರ್ತಿ ಒಣಗಿರ್ಬೇಕು, ಫ್ಯಾನ್ ಕೆಳಗೆ ಕೈ ಎತ್ಕೊಂಡು ಕೂತ್ರೂ ಪರ್ವಾಗಿಲ್ಲ, ಮಲಗೋ ಮುಂಚೆ ತೆಳ್ಳಗೆ ಹಚ್ಚಿ, 6-8 ಗಂಟೆ ಬಿಟ್ಟು, ಬೆಳಗ್ಗೆ ತೊಳೀಬೇಕು. ಶೇವ್ ಮಾಡಿದ ದಿನ, ಅದರ ಮಾರನೇ ದಿನ ಬೇಡ. ಕಂಕುಳಿಗೆ ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್ ಲೋಶನ್. ಶುರುವಲ್ಲಿ ದಿನಾ ರಾತ್ರಿ, ಬೆವರು ಹಿಡಿತಕ್ಕೆ ಬಂದ ಮೇಲೆ ವಾರಕ್ಕೆ ಒಂದೆರಡು ಸಲ ಸಾಕಾಗುತ್ತೆ. ಉರಿ ಬಂದ್ರೆ ಒಂದೆರಡು ದಿನ ಬಿಟ್ಟು, ಬೇಕಾದ್ರೆ ಹಗುರ ಹೈಡ್ರೋಕಾರ್ಟಿಸೋನ್ ಕ್ರೀಮ್.

ನಮ್ಮಜ್ಜ ಶೇವ್ ಮಾಡಿದ ಮೇಲೆ ಪಟಿಕ ಉಜ್ಕೊಳ್ತಿದ್ರು, ಅದೂ ಅಲ್ಯೂಮಿನಿಯಂ ಲವಣಾನೇ, ಪೊಟ್ಯಾಸಿಯಂ ಜೊತೆಗಿನ ಸಲ್ಫೇಟ್. ಆದ್ರೆ ಅದು ಈ ಲೋಶನ್‌ಗೆ ಬದಲಿ ಅಲ್ಲ. ಅಲ್ಯೂಮಿನಿಯಂ ಹಚ್ಚಿದ್ರೆ ಸ್ತನ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಲ್ಲಿ ಸುತ್ತುತ್ತೆ, ಅಂಥ ಸಂಬಂಧ ಸಾಬೀತಾಗಿಲ್ಲ, ಪೇಷಂಟ್ ಕೇಳಿದ್ರೆ ಹೇಳೋಕೆ ಗೊತ್ತಿರ್ಲಿ.

ಮುಂದಿನದು ತೂಬಿಗೆ ಅಡ್ಡ ಹಾಕೋದು. ನೀರುಗಂಟಿ ಬರ್ತಾನೆ, ಆದ್ರೆ ತೂಬಿನ ಹಿಡಿ ಬೇರೆಯವರ ಕೈಲಿರುತ್ತೆ, ಅವನೇ ಆಂಟಿಕೋಲಿನರ್ಜಿಕ್. ಮೇಲೆ ಹಚ್ಚೋ ರೂಪದಲ್ಲಿ ಗ್ಲೈಕೋಪೈರೋನಿಯಂ ಒರೆಸೋ ಬಟ್ಟೆ ಇದೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ 9 ವರ್ಷ ಮೇಲ್ಪಟ್ಟವರ ಕಂಕುಳ ಬೆವರಿಗೆ ಒಪ್ಪಿಗೆ ಕೊಡ್ತು. ಸೋಫ್‌ಪಿರೋನಿಯಂ ಜೆಲ್ ಮೊದಲು ಜಪಾನಲ್ಲಿ 2020ಕ್ಕೆ, ಅಮೆರಿಕದಲ್ಲಿ 2024ಕ್ಕೆ ಬಂತು. ಒರೆಸಿದ ಕೈ ತೊಳೀದೆ ಕಣ್ಣುಜ್ಜಿದ್ರೆ ಆ ಕಣ್ಣಿನ ಪಾಪೆ ಮಾತ್ರ ದೊಡ್ಡದಾಗುತ್ತೆ. ಒಂದು ಪಾಪೆ ಹಿಗ್ಗಿರೋ ಹುಡುಗಿನ ಕ್ಯಾಶುವಾಲ್ಟಿಗೆ ಕರ್ಕೊಂಡು ಬಂದ್ರೆ ಎಲ್ರೂ ಮೆದುಳಲ್ಲಿ ರಕ್ತಸ್ರಾವ ಅಂತ ಗಾಬರಿ ಬೀಳ್ತಾರೆ, ಎಂಸಿಕ್ಯೂ ಹಾಕೋರಿಗೆ ಇಂಥದ್ದು ಹಬ್ಬ.

ಮಾತ್ರೆ ರೂಪದಲ್ಲಿ ಗ್ಲೈಕೋಪೈರೋಲೇಟ್, ಆಕ್ಸಿಬ್ಯುಟಿನಿನ್. ಎರಡೂ ಬೆವರಿಗೆ ಆಫ್ ಲೇಬಲ್ (ಆ ಕಾಯಿಲೆಗೆ ಅಂತ ಅಧಿಕೃತ ಒಪ್ಪಿಗೆ ಇಲ್ಲದೆ ಕೊಡೋದು), ಕಮ್ಮಿ ಡೋಸಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ. ಮಾತ್ರೆಗೆ ಕಂಕುಳು ಯಾವುದು ಬಾಯಿ ಯಾವುದು ಅಂತ ಗೊತ್ತಾಗಲ್ಲ, ಊರಿನ ಎಲ್ಲಾ ತೂಬೂ ಮುಚ್ಚುತ್ತೆ: ಬಾಯಿ ಒಣಗುತ್ತೆ, ಕಣ್ಣು ಮಂಜಾಗುತ್ತೆ, ಮಲಬದ್ಧತೆ, ಮೂತ್ರ ಕಟ್ಟೋದು. ಗ್ಲೈಕೋಪೈರೋಲೇಟ್ ಕ್ವಾಟರ್ನರಿ ಅಮೀನ್, ಅಂದ್ರೆ ಸದಾ ಚಾರ್ಜ್ ಇರೋ ಅಣು, ಮೆದುಳಿಗೆ ಸುಲಭಕ್ಕೆ ದಾಟಲ್ಲ, ಆಕ್ಸಿಬ್ಯುಟಿನಿನ್ ದಾಟುತ್ತೆ, ವಯಸ್ಸಾದವರಿಗೆ ತಲೆ ಗೊಂದಲ ಆಗಬಹುದು. ಕೋನ ಮುಚ್ಚಿದ ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರೋದು), ಮಯಸ್ತೇನಿಯಾ (ನರದ ಸಂದೇಶ ಸ್ನಾಯುಗೆ ಸರಿಯಾಗಿ ಮುಟ್ಟದ ಕಾಯಿಲೆ) ಇರೋರಿಗೆ, ಮೂತ್ರ ಕಟ್ಟೋರಿಗೆ ಕೊಡಬಾರ್ದು. ಇನ್ನು ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ದುಡಿಯೋರಿಗೆ ಈ ಮಾತ್ರೆ ಬರೆಯೋ ಮುಂಚೆ ಎರಡು ಸಲ ಯೋಚ್ನೆ ಮಾಡ್ಬೇಕು. ಬೆವರು ಮೈ ತಣಿಸೋಕೆ ಇರೋದು, ಅದನ್ನ ಮೈಪೂರ್ತಿ ನಿಲ್ಸಿದ್ರೆ ಹೀಟ್ ಸ್ಟ್ರೋಕ್ ಭಯ ಇದೆ. ಕಂಕುಳಲ್ಲಿ ಮಾತ್ರ ಬೆವರೋರಿಗೆ ಮಾತ್ರೆಗಿಂತ ಮುಂಚೆ ಬೊಟಾಕ್ಸ್ ಯೋಚಿಸೋದೇ ಸರಿ ಅಂತ ನನಗನ್ಸುತ್ತೆ, ದುಡ್ಡಿನ ಮಾತು ಬೇರೆ.

ಬೊಟಾಕ್ಸ್, ಅಂದ್ರೆ ಬೊಟುಲಿನಂ ಟಾಕ್ಸಿನ್ ಎ. ಇದು ನೀರುಗಂಟಿ ಮನೆಗೇ ಹೊರಗಿಂದ ಚಿಲಕ ಹಾಕೋದು. ನರದ ತುದೀಲಿ ಎಸ್‌ಎನ್‌ಎಪಿ-25 ಅನ್ನೋ ಪ್ರೋಟೀನನ್ನ ಕತ್ತರಿಸುತ್ತೆ, ಅದಿಲ್ದೆ ಅಸಿಟೈಲ್‌ಕೋಲಿನ್ ತುಂಬಿದ ಚೀಲ ಹೊರಗೆ ಬಿಚ್ಕೊಳ್ಳಲ್ಲ. ಎಫ್‌ಡಿಎ ಇದಕ್ಕೆ 2004ರಲ್ಲಿ ಒಪ್ಪಿಗೆ ಕೊಡ್ತು, ಹಚ್ಚೋ ಔಷಧಿಗೆ ಬಗ್ಗದ ಸಿವಿಯರ್ ಕಂಕುಳ ಬೆವರಿಗೆ ಅಂತ. ಒಂದೊಂದು ಕಂಕುಳಿಗೆ 50 ಯೂನಿಟ್, ಮೊದಲು ಅಯೋಡಿನ್ ಟೆಸ್ಟಲ್ಲಿ ಜಾಗ ಗುರುತು ಮಾಡಿ, 1-2 ಸೆಂಟಿಮೀಟರ್ ಅಂತರದಲ್ಲಿ 10-15 ಕಡೆ ಚುಚ್ಚೋದು. ಚುಚ್ಚೋದು ಚರ್ಮದೊಳಗೆ, ಇಂಟ್ರಾಡರ್ಮಲ್, ಸ್ನಾಯುಗಲ್ಲ, ಇದನ್ನ ತಪ್ಪು ಬರೆದು ಇಂಟರ್ನಲ್ಸಲ್ಲಿ ನಾನು ಮಾರ್ಕ್ಸ್ ಕಳ್ಕೊಂಡೆ. ಒಂದೆರಡು ವಾರದಲ್ಲಿ ಪೂರ್ತಿ ಪರಿಣಾಮ ಗೊತ್ತಾಗುತ್ತೆ, ಸರಾಸರಿ 6-7 ತಿಂಗಳು ಇರುತ್ತೆ, ಆಮೇಲೆ ನರದ ತುದಿ ಚೇತರಿಸ್ಕೊಳ್ಳುತ್ತೆ, ಮತ್ತೆ ಚುಚ್ಚಬೇಕು. ಅಂಗೈಗೆ ಕೊಟ್ರೆ ವಿಪರೀತ ನೋವು, ಹಿಡಿತಾನೂ ಸ್ವಲ್ಪ ದಿನ ಸಡಿಲ ಆಗಬಹುದು, ಕಂಕುಳಲ್ಲಿ ಆ ರಗಳೆ ಕಮ್ಮಿ. ಮಯಸ್ತೇನಿಯಾ ಗ್ರೇವಿಸ್, ಲ್ಯಾಂಬರ್ಟ್ ಈಟನ್ ಅನ್ನೋ ಅಂಥದ್ದೇ ಕಾಯಿಲೆ ಇರೋರಿಗೆ ಬೇಡ, ಬಸುರಿಯರಿಗೂ ಸಾಮಾನ್ಯವಾಗಿ ಕೊಡಲ್ಲ.

ಅಯಾಂಟೋಫೊರೆಸಿಸ್ ಬಗ್ಗೆ ಒಂದೇ ಮಾತು: ನಲ್ಲಿ ನೀರಲ್ಲಿ ಕೈಕಾಲು ಅದ್ದಿ ಸಣ್ಣ ಕರೆಂಟ್ ಬಿಡೋದು ಅಂಗೈ ಅಂಗಾಲಿಗೆ ಒಳ್ಳೇದು, ಕಂಕುಳನ್ನ ತಟ್ಟೇಲಿ ಅದ್ದೋಕಾಗಲ್ಲ. ಅದಕ್ಕೆ ಬೇರೆ ಪ್ಯಾಡ್ ಇದೆ, ಆದ್ರೆ ಅಷ್ಟು ಫಲ ಇಲ್ಲ.

ಇನ್ನು ಕೆರೆನೇ ಮುಚ್ಚಿಬಿಡೋದು. ಬೆಂಗಳೂರಲ್ಲಿ ಧರ್ಮಾಂಬುಧಿ ಕೆರೆ ಜಾಗದಲ್ಲಿ ಮೆಜೆಸ್ಟಿಕ್ ಬಸ್ ಸ್ಟಾಂಡ್ ಎದ್ದಿದೆಯಲ್ಲ, ಹಾಗೆ, ವಾಪಸ್ ಬರೋ ಮಾತಿಲ್ಲ. ಮಿರಾಡ್ರೈ ಅನ್ನೋ ಮೈಕ್ರೋವೇವ್ ಯಂತ್ರಕ್ಕೆ ಎಫ್‌ಡಿಎ 2011ರಲ್ಲಿ ಹಸಿರು ನಿಶಾನೆ ಕೊಡ್ತು. 5.8 ಗಿಗಾಹರ್ಟ್ಸ್ ತರಂಗ, ಮೇಲ್ಚರ್ಮನ ತಣ್ಣಗಿಟ್ಟು ಚರ್ಮ ಕೊಬ್ಬು ಸೇರೋ ಪದರದಲ್ಲಿ ಬಿಸಿ ಹುಟ್ಸುತ್ತೆ, ಗ್ರಂಥಿಗಳು ಇರೋದೂ ಅಲ್ಲೇ. ಎಕ್ರೈನ್ ಅಪೋಕ್ರೈನ್ ಎರಡೂ ಸುಡೋದ್ರಿಂದ ವಾಸನೆನೂ ಇಳಿಯುತ್ತೆ, ಕೂದಲೂ ಕಮ್ಮಿಯಾಗುತ್ತೆ. ಒಂದೆರಡು ಸಿಟ್ಟಿಂಗ್ ಸಾಕು, ಆದ್ರೆ ಊತ, ನೋವು, ತೋಳಿನ ಒಳಭಾಗ ಕೆಲವು ವಾರ ಮರಗಟ್ಟೋದು ಇರುತ್ತೆ. ಆಪರೇಷನ್ನಲ್ಲಿ ಗ್ರಂಥಿ ಇರೋ ಪದರನ ಕೆರೆದು ಅಥವಾ ಲೈಪೋಸಕ್ಷನ್ ಥರ ಹೀರಿ ತೆಗೀತಾರೆ, ಕಲೆ ಉಳಿಯಬಹುದು, ಸರಿಯಾಗಿ ಮಾಡದಿದ್ರೆ ಚರ್ಮದ ಅಂಚು ಸಾಯಬಹುದು.

ಕಟ್ಟಕಡೇದು ಇಟಿಎಸ್, ಎದೆಗೂಡೊಳಗೆ ಎಂಡೋಸ್ಕೋಪ್ (ಕ್ಯಾಮೆರಾ ಇರೋ ಕೊಳವೆ) ಹಾಕಿ ಸಿಂಪಥೆಟಿಕ್ ಚೈನನ್ನೇ ಕತ್ತರಿಸೋದು ಇಲ್ಲಾ ಕ್ಲಿಪ್ ಹಾಕೋದು. ಪಂಚಾಯ್ತಿಯಿಂದ ಬರೋ ತಂತಿನೇ ಕಟ್. ಅಂಗೈ ಬೆವರಿಗೆ ಇದರ ಫಲ ಚೆನ್ನಾಗಿದೆ, ಬರೀ ಕಂಕುಳಿಗೆ ಅಂತ ಮಾಡ್ಸೋಕೆ ಹೋಗೋದು ನನ್ನ ಪ್ರಕಾರ ಇಲಿಗೆ ಹೆದರಿ ಮನೆ ಸುಟ್ಟ ಹಾಗೆ. ಒಂದು ಕಡೆ ತಡೆದ ನೀರು ಕೋಡಿ ಬೀಳುತ್ತೆ, ಬೆನ್ನು, ಹೊಟ್ಟೆ, ತೊಡೆ ಬೆವರೋಕೆ ಶುರುವಾಗುತ್ತೆ, ಇದನ್ನೇ ಕಾಂಪೆನ್ಸೇಟರಿ ಬೆವರು ಅನ್ನೋದು, ಕೆಲವರಿಗೆ ಮೊದಲಿನದಕ್ಕಿಂತ ಕಷ್ಟ ಆಗಿ ಯಾಕಾದ್ರೂ ಮಾಡಿಸ್ಕೊಂಡ್ನೋ ಅನ್ನೋ ಮಟ್ಟಕ್ಕೆ ಹೋಗುತ್ತೆ. ಜೊತೆಗೆ ಹಾರ್ನರ್ ಸಿಂಡ್ರೋಮ್ (ಒಂದು ಕಣ್ಣಿನ ರೆಪ್ಪೆ ಇಳಿದು ಪಾಪೆ ಚಿಕ್ಕದಾಗೋದು), ನ್ಯುಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ತುಂಬೋದು) ಆಗೋ ಭಯನೂ ಇದೆ.

ಈಗ ಎರಡು ಕೇಸು ಹಾಕ್ತೀನಿ, ಉತ್ತರ ನೋಡೋ ಮುಂಚೆ ಗೆರೆ ಎಳ್ಕೊಳ್ಳಿ. 22ರ ಹುಡುಗಿ, ಎರಡೂ ಕಂಕುಳು, 15ನೇ ವಯಸ್ಸಿಂದ, ಅಮ್ಮನಿಗೂ ಇದೆ, ರಾತ್ರಿ ಬೆವರಲ್ಲ, ಲೋಶನ್ ಹಚ್ಚಿ ಬಿಟ್ಟಿದಾಳೆ. ನೇರ ಬೊಟಾಕ್ಸ್ ಅಂತ ಬರೀಬೇಡಿ, ಯಾವ ಹೊತ್ತಲ್ಲಿ ಹಚ್ತಿದ್ದೆ, ಒಣಗಿತ್ತಾ, ಶೇವ್ ಮಾಡಿದ್ಯಾ ಅಂತ ಮೊದಲು ಕೇಳ್ಬೇಕು, ಸರಿಯಾಗಿ ಕೆಲವು ವಾರ ಹಚ್ಚಿಸಿ ಆಗಲೂ ಎಚ್‌ಡಿಎಸ್‌ಎಸ್ 3 ಇದ್ರೆ ಆಮೇಲೆ ಚುಚ್ಚೋ ಮಾತು. ಎರಡನೇದು, 45ರ ಗಂಡಸು, ಕಂಕುಳು ಒದ್ದೆ ಅಂತಾನೇ ಹೇಳ್ಕೊಂಡು ಬಂದಿದಾರೆ, ಶುರುವಾಗಿ ಎರಡು ತಿಂಗಳು, ಬನಿಯನ್ ರಾತ್ರಿ ಎರಡು ಸಲ ಬದಲಾಯಿಸ್ತಾರಂತೆ, ಪ್ಯಾಂಟ್ ಸಡಿಲ ಆಗ್ತಿದೆ ಅಂತ ಹೆಂಡ್ತಿ ಪಕ್ಕದಿಂದ ಹೇಳ್ತಾರೆ. ಇವರಿಗೆ ಲೋಶನ್ನೂ ಬೇಡ ಬೊಟಾಕ್ಸೂ ಬೇಡ, ಟಿಬಿನೋ ಲಿಂಫೋಮಾನೋ ಇರಬಹುದು, ಕುತ್ತಿಗೆ ಗಂಟು ಮುಟ್ಟಿ ನೋಡಿ, ಕೆಮ್ಮು ಇದೆಯಾ ಕೇಳಿ, ಕಫದ ಟೆಸ್ಟಿಗೆ, ಎದೆ ಎಕ್ಸ್‌ರೇಗೆ ಬರೆದು ಕಳ್ಸಿ.