ಆಹಾರ ಡಬ್ಬಿಯ ಒಳಲೇಪನ: ತಡವಾಗಿ ಎಚ್ಚೆತ್ತ ಕಾನೂನು

ಲೋಹದ ಡಬ್ಬಿಯಲ್ಲಿ ತುಂಬಿಟ್ಟ ಆಹಾರ ವರ್ಷಗಟ್ಟಲೆ ಕೆಡದಿರುವುದಕ್ಕೆ ಅದನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿರುವುದು ಮುಖ್ಯ ಕಾರಣ. ಆದರೆ ಹುಳಿ ಮತ್ತು ಉಪ್ಪು ಲೋಹವನ್ನು ತಿನ್ನದಂತೆ, ಲೋಹದ ರುಚಿ ಆಹಾರಕ್ಕೆ ಇಳಿಯದಂತೆ ತಡೆಯುವುದು ಒಳಗೋಡೆಗೆ ಬಳಿದಿರುವ, ಕೂದಲೆಳೆಗಿಂತಲೂ ತೆಳುವಾದ ರಾಳದ ಪದರ. ಲೋಹದಿಂದ ಆಹಾರವನ್ನು ಕಾಪಾಡುವ ಈ ಪದರದಿಂದಲೇ ಆಹಾರಕ್ಕೆ ಏನು ಇಳಿಯುತ್ತದೆ ಎಂಬ ಪ್ರಶ್ನೆಗೆ ಕಾನೂನು ಉತ್ತರ ಹುಡುಕುತ್ತಾ ಬಂದ ಇತಿಹಾಸ ಅರುವತ್ತು ವರ್ಷಕ್ಕೂ ಹೆಚ್ಚು ಹಳೆಯದು.

ಅಮೆರಿಕವು 1958ರಲ್ಲಿ ತನ್ನ ಆಹಾರ ಕಾಯ್ದೆಗೆ ತಂದ ತಿದ್ದುಪಡಿ ಈ ವಿಷಯದಲ್ಲಿ ದೊಡ್ಡ ಹೆಜ್ಜೆ. ಬೇಕೆಂದೇ ಬೆರೆಸುವ ವಸ್ತುಗಳ ಜೊತೆಗೆ, ಪೊಟ್ಟಣದಿಂದ ಆಹಾರಕ್ಕೆ ಸೇರಬಹುದಾದ ವಸ್ತುಗಳನ್ನೂ ಅದು ನಿಯಂತ್ರಣದ ವ್ಯಾಪ್ತಿಗೆ ತಂದಿತು; ಸುರಕ್ಷಿತವೆಂದು ತೋರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಆದರೆ ಒಮ್ಮೆ ಕೊಟ್ಟ ಅನುಮತಿಗೆ ಅವಧಿಯ ಮಿತಿ ಇರಲಿಲ್ಲ. ವಿಜ್ಞಾನ ಮುಂದೆ ಸಾಗಿದಂತೆ ಹಳೆಯ ಅನುಮತಿಗಳನ್ನು ಇಂತಿಷ್ಟು ವರ್ಷಕ್ಕೊಮ್ಮೆ ಮರುಪರಿಶೀಲಿಸಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಈ ಒಂದು ಕೊರತೆಯಿಂದಲೇ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ. 1997ರ ಕಾಯ್ದೆ ಹೊಸ ವಸ್ತುಗಳಿಗೆ ಅಧಿಸೂಚನೆಯ ದಾರಿಯನ್ನು ತೆರೆಯಿತು. ಕಂಪನಿ ಮಾಹಿತಿ ಸಲ್ಲಿಸಿದ 120 ದಿನಗಳೊಳಗೆ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಆಕ್ಷೇಪಿಸದಿದ್ದರೆ ಆ ವಸ್ತುವನ್ನು ಬಳಸಬಹುದಾಯಿತು.

ಬಿಸ್ಫೆನಾಲ್ ಎ, ಅಂದರೆ ಬಿಪಿಎ, ಕಥೆಯನ್ನೇ ನೋಡಿ. ರಷ್ಯಾದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಡಯಾನಿನ್ 1891ರಲ್ಲಿ ತಯಾರಿಸಿದ ಈ ವಸ್ತು ಈಸ್ಟ್ರೊಜೆನ್ ಹಾರ್ಮೋನಿನಂತೆ ವರ್ತಿಸುತ್ತದೆಂದು 1936ರಲ್ಲೇ ಬ್ರಿಟನ್ನಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಹೀಗಿದ್ದೂ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಿಪಿಎಯಿಂದ ತಯಾರಾದ ಎಪಾಕ್ಸಿ ರಾಳ ಡಬ್ಬಿಗಳ ಒಳಲೇಪನವಾಗಿ ನೆಲೆಯೂರಿತು, 1960ರ ದಶಕದಲ್ಲಿ ಎಫ್‌ಡಿಎ ಅನುಮತಿಯನ್ನೂ ಪಡೆಯಿತು. ರಾಳ ಗಟ್ಟಿಯಾಗುವಾಗ ಬಿಪಿಎಯ ಅಣುಗಳೆಲ್ಲವೂ ಸರಪಳಿಗೆ ಸೇರಿಕೊಳ್ಳುವುದಿಲ್ಲ. ಬಿಡಿಯಾಗಿ ಉಳಿದವು, ಮುಖ್ಯವಾಗಿ ತುಂಬಿದ ಡಬ್ಬಿಯನ್ನು ರೋಗಾಣು ನಾಶಕ್ಕಾಗಿ ಹೆಚ್ಚು ಉಷ್ಣತೆಯಲ್ಲಿ ಕಾಯಿಸುವಾಗ, ಆಹಾರಕ್ಕೆ ಇಳಿಯುತ್ತವೆ. ಇಳಿಯುವ ಪ್ರಮಾಣ ಅತ್ಯಲ್ಪ. ಆದರೆ ದೇಹದ ಹಾರ್ಮೋನುಗಳು ಕೆಲಸ ಮಾಡುವುದೂ ಅತ್ಯಲ್ಪ ಪ್ರಮಾಣದಲ್ಲೇ.

ಕಾನೂನಿನ ಕೈ ಮೊದಲು ಮುಟ್ಟಿದ್ದು ಡಬ್ಬಿಯನ್ನಲ್ಲ, ಮಕ್ಕಳ ಹಾಲಿನ ಬಾಟಲಿಯನ್ನು. ಬಿಪಿಎಯಿಂದಲೇ ತಯಾರಾಗುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಇಂಥ ಬಾಟಲಿಗಳನ್ನು ಕೆನಡಾ 2010ರಲ್ಲಿಯೂ ಐರೋಪ್ಯ ಒಕ್ಕೂಟ 2011ರಲ್ಲಿಯೂ ನಿಷೇಧಿಸಿದವು. ಅಮೆರಿಕ 2012ರಲ್ಲಿ ಬಾಟಲಿಗಳಿಗೂ 2013ರಲ್ಲಿ ಶಿಶು ಆಹಾರದ ಪೊಟ್ಟಣಗಳ ಲೇಪನಕ್ಕೂ ಕೊಟ್ಟಿದ್ದ ಅನುಮತಿಯನ್ನು ಹಿಂದೆಗೆದುಕೊಂಡಿತು. ಆದರೆ ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಬೇಕು: ವಸ್ತು ಅಪಾಯಕಾರಿ ಎಂದು ಎಫ್‌ಡಿಎ ಹೇಳಲಿಲ್ಲ, ಉದ್ಯಮವೇ ಆ ಬಳಕೆಯನ್ನು ಕೈಬಿಟ್ಟಿದೆ ಎಂದಷ್ಟೇ ಹೇಳಿತು. ಪೋಷಕರ ಆತಂಕಕ್ಕೆ ಮಾರುಕಟ್ಟೆ ಮಣಿದ ಮೇಲೆ ಕಾನೂನು ಅದಕ್ಕೆ ಮೊಹರು ಒತ್ತಿತು. ಫ್ರಾನ್ಸ್ ಮಾತ್ರ ಇನ್ನೂ ಮುಂದೆ ಹೋಗಿ, ಆಹಾರಕ್ಕೆ ತಾಗುವ ಎಲ್ಲ ಪೊಟ್ಟಣಗಳಲ್ಲೂ ಬಿಪಿಎಯನ್ನು 2015ರಿಂದ ನಿಷೇಧಿಸಿತು.

ಎಷ್ಟು ಪ್ರಮಾಣ ಸುರಕ್ಷಿತ ಎಂಬ ಲೆಕ್ಕ ಎಷ್ಟು ಬದಲಾಗಿದೆ ಎಂಬುದು ಬೆರಗು ಹುಟ್ಟಿಸುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 50 ಮೈಕ್ರೊಗ್ರಾಂ ಎಂದು 2006ರಲ್ಲಿ ಗೊತ್ತುಮಾಡಿದ್ದ ಮಿತಿಯನ್ನು 2015ರಲ್ಲಿ 4 ಮೈಕ್ರೊಗ್ರಾಂಗೆ ಇಳಿಸಿತು. 2023ರಲ್ಲಿ, ರೋಗನಿರೋಧಕ ವ್ಯವಸ್ಥೆಯ ಮೇಲಿನ ಪರಿಣಾಮವನ್ನು ಆಧಾರವಾಗಿಟ್ಟುಕೊಂಡು, ಅದನ್ನು 0.2 ನ್ಯಾನೊಗ್ರಾಂಗೆ, ಅಂದರೆ ಹಿಂದಿನದಕ್ಕಿಂತ ಇಪ್ಪತ್ತು ಸಾವಿರ ಪಟ್ಟು ಕೆಳಕ್ಕೆ ತಂದಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಈ ವಿಧಾನವನ್ನು ಒಪ್ಪದೆ, ಸಾವಿರ ಪಟ್ಟು ಹೆಚ್ಚಿನ ಮಿತಿಯೊಂದನ್ನು ಸೂಚಿಸಿತು. ಪರಿಣತರ ಈ ಭಿನ್ನಾಭಿಪ್ರಾಯ ಪ್ರಾಮಾಣಿಕವಾದದ್ದೇ. ಆದರೂ ಜರ್ಮನಿಯ ಆ ಸಡಿಲ ಮಿತಿ ಕೂಡ 2015ರ ಮಿತಿಗಿಂತ ಇಪ್ಪತ್ತು ಪಟ್ಟು ಬಿಗಿಯಾಗಿತ್ತು ಎಂಬುದನ್ನು ಮರೆಯಬಾರದು.

ಕಾಗದದ ಪೊಟ್ಟಣಗಳಿಗೆ ಎಣ್ಣೆಜಿಡ್ಡು ಹೀರದಂತೆ ಬಳಸುವ ಫ್ಲೋರಿನ್‌ಯುಕ್ತ ಪಿಫಾಸ್ ರಾಸಾಯನಿಕಗಳ ಇತಿಹಾಸವೂ ಇದೇ ಜಾಡಿನದು. ಪರಿಸರದಲ್ಲಿ ಸುಲಭವಾಗಿ ಕೊಳೆಯದ ಇವುಗಳಲ್ಲಿ ಉದ್ದ ಸರಪಳಿಯ ಮೂರು ಬಗೆಗಳ ಅನುಮತಿಯನ್ನು ಎಫ್‌ಡಿಎ 2016ರಲ್ಲಿ ರದ್ದುಮಾಡಿತು, ಅದೂ ಪರಿಸರ ಮತ್ತು ಆರೋಗ್ಯ ಸಂಘಟನೆಗಳು ಅರ್ಜಿ ಹಾಕಿದ ನಂತರ. ಅವುಗಳ ಜಾಗಕ್ಕೆ ಬಂದಿದ್ದ ಗಿಡ್ಡ ಸರಪಳಿಯ ವಸ್ತುಗಳೂ ದೇಹದಲ್ಲಿ ಉಳಿಯುತ್ತವೆಂಬ ಸುಳಿವು ಸಿಕ್ಕಾಗ ಕಂಪನಿಗಳು ಸ್ವಯಂಪ್ರೇರಣೆಯಿಂದ ಹಿಂದೆ ಸರಿಯಲು ಒಪ್ಪಿದವು. 2025ರ ಜನವರಿಯಲ್ಲಿ ಇಂಥ 35 ಅಧಿಸೂಚನೆಗಳು ಇನ್ನು ಜಾರಿಯಲ್ಲಿಲ್ಲವೆಂದು ಘೋಷಿಸಿದಾಗಲೂ ಎಫ್‌ಡಿಎ ಕೊಟ್ಟ ಕಾರಣ, ತಯಾರಿಕೆ ನಿಂತಿದೆ ಎಂಬುದೇ. ಡೆನ್ಮಾರ್ಕ್ ಆದರೋ 2020ರ ಜುಲೈಯಲ್ಲೇ ಆಹಾರದ ಕಾಗದ ಮತ್ತು ರಟ್ಟಿನಲ್ಲಿ ಪಿಫಾಸ್ ಬಳಕೆಗೆ, ಒಂದೊಂದು ವಸ್ತುವನ್ನೂ ಪ್ರತ್ಯೇಕವಾಗಿ ವಿಚಾರಿಸುತ್ತಾ ಕೂರದೆ, ಇಡೀ ಗುಂಪಿಗೇ ನಿರ್ಬಂಧ ಹೇರಿತ್ತು.

ಹೀಗೆ ಗುಂಪನ್ನೇ ನೋಡುವುದು ಏಕೆ ಮುಖ್ಯವೆಂದರೆ, ಬಿಪಿಎಯನ್ನು ಕೈಬಿಟ್ಟ ಹಲವು ಉತ್ಪನ್ನಗಳಿಗೆ ಅದರ ಹತ್ತಿರದ ಬಂಧುವಾದ ಬಿಸ್ಫೆನಾಲ್ ಎಸ್ ಬಂದಿತು. ಅದೂ ಹಾರ್ಮೋನಿನಂತೆ ವರ್ತಿಸಬಲ್ಲದೆಂದು ಆಮೇಲೆ ತಿಳಿಯಿತು. ಐರೋಪ್ಯ ಒಕ್ಕೂಟದಲ್ಲಿ ಇನ್ನೊಂದು ಕೊರತೆಯೂ ಇದೆ. 2004ರ ಮೂಲ ಕಾನೂನು ಆಹಾರಕ್ಕೆ ತಾಗುವ ಸಾಮಗ್ರಿಗಳಲ್ಲಿ 17 ಗುಂಪುಗಳನ್ನು ಹೆಸರಿಸಿ, ಲೇಪನಗಳನ್ನೂ ಅವುಗಳಲ್ಲಿ ಸೇರಿಸಿತ್ತು. ಆದರೆ ಪ್ಲಾಸ್ಟಿಕ್ಕಿಗೆ ಸಿಕ್ಕಂಥ, ಬಳಸಬಹುದಾದ ವಸ್ತುಗಳ ಪೂರ್ಣ ಪಟ್ಟಿ ಲೇಪನಗಳಿಗೆ ಸಿಗಲೇ ಇಲ್ಲ. ಕೆಲವು ವಸ್ತುಗಳ ಬಗ್ಗೆ ಬಿಡಿ ನಿಯಮಗಳಷ್ಟೇ ಬಂದವು.

ಒಕ್ಕೂಟವು 2024ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನಿಯಮ ಡಬ್ಬಿಗಳ ಲೇಪನವೂ ಸೇರಿದಂತೆ ಬಿಪಿಎ ಬಳಕೆಯನ್ನು ನಿಷೇಧಿಸಿ, ಇತರ ಅಪಾಯಕಾರಿ ಬಿಸ್ಫೆನಾಲ್‌ಗಳನ್ನೂ ತೆಕ್ಕೆಗೆ ತಂದಿದೆ. ಬಹುತೇಕ ಉತ್ಪನ್ನಗಳಿಗೆ 2026ರ ಜುಲೈವರೆಗೆ ಕಾಲಾವಕಾಶವಿದೆ. ಹಣ್ಣು, ತರಕಾರಿ ಮತ್ತು ಸಂಸ್ಕರಿಸಿದ ಮೀನನ್ನು ಕೆಡದಂತೆ ಇಡುವ ಡಬ್ಬಿಗಳಿಗೆ ಮಾತ್ರ ಅದು 2028ರ ಜನವರಿಯವರೆಗೆ ಹಿಗ್ಗಿದೆ. ಏಕೆಂದರೆ ಹುಳಿಯನ್ನು ವರ್ಷಗಟ್ಟಲೆ ತಾಳಿಕೊಳ್ಳುವ ಬದಲಿ ಲೇಪನವನ್ನು ಸಿದ್ಧಪಡಿಸಿ, ಅದರಿಂದ ಆಹಾರಕ್ಕೆ ಏನು ಇಳಿಯುತ್ತದೆಂದು ಪರೀಕ್ಷಿಸುವುದಕ್ಕೆ ಅಷ್ಟು ಸಮಯ ಬೇಕು.