ಕರೆಂಟ್ ಬಂತು, ಸರ್ವರ್ ಯಾಕೆ ಏಳಲಿಲ್ಲ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಚೇರಿಯಲ್ಲಿ ಒಂದು ಸರ್ವರ್ ಇದೆ. ಅದಕ್ಕೆ ಯುಪಿಎಸ್ ಕೂಡ ಇದೆ. ರಾತ್ರಿ ಕರೆಂಟ್ ಹೋಗಿ ತುಂಬಾ ಹೊತ್ತಾದ ಮೇಲೆ ಬಂದರೆ ಸರ್ವರ್ ತಾನಾಗಿ ಆನ್ ಆಗುವುದಿಲ್ಲ. ಬೆಳಿಗ್ಗೆ ಯಾರಾದರೂ ಹೋಗಿ ಬಟನ್ ಒತ್ತಬೇಕು. ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶ) ಸೆಟಪ್‌ಗೆ ಹೋಗಿ ‘ಲಾಸ್ಟ್ ಸ್ಟೇಟ್’ ಎಂದು ಇಟ್ಟಿದ್ದೇನೆ. ಆದರೂ ಒಮ್ಮೊಮ್ಮೆ ಏಳುತ್ತದೆ, ಒಮ್ಮೊಮ್ಮೆ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮಳೆಗಾಲ ಶುರುವಾದರೆ ಸಾಕು, ಮಲೆನಾಡು, ಕರಾವಳಿ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ‘ಒಮ್ಮೊಮ್ಮೆ ಏಳುತ್ತದೆ, ಒಮ್ಮೊಮ್ಮೆ ಇಲ್ಲ’ ಎಂದು ಬರೆದಿದ್ದೀರಲ್ಲ, ಕಳ್ಳ ಅಲ್ಲೇ ಇದ್ದಾನೆ. ನಿಮ್ಮ ಸರ್ವರ್ ಕೆಟ್ಟಿಲ್ಲ. ನೀವು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡುತ್ತಿದೆ.

ಬೇರೆ ಓದುಗರಿಗೂ ಬೇಕಾಗಬಹುದು, ಕರೆಂಟ್ ಮರಳಿ ಬಂದಾಗ ಸರ್ವರ್ ಏನು ಮಾಡಬೇಕೆಂದು ಹೇಳುವ ಆ ಆಯ್ಕೆ ಎಲ್ಲಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಸರ್ವರ್ ಆನ್ ಆಗುವಾಗ ಡೆಲ್ ಪವರ್‌ಎಡ್ಜ್‌ನಲ್ಲಿ ಎಫ್2, ಎಚ್‌ಪಿಇ ಪ್ರೊಲಯಂಟ್‌ನಲ್ಲಿ ಎಫ್9, ಲೆನೊವೊ ಥಿಂಕ್‌ಸಿಸ್ಟಮ್‌ನಲ್ಲಿ ಎಫ್1, ಸೂಪರ್‌ಮೈಕ್ರೊದಲ್ಲಿ ಡಿಲೀಟ್ ಕೀ ಒತ್ತಿದರೆ ಸೆಟಪ್ ತೆರೆಯುತ್ತದೆ. ಈಗಿನವುಗಳಲ್ಲಿ ಒಳಗಿರುವುದು ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ. ನಮ್ಮ ಬಾಯಲ್ಲಿ ಮಾತ್ರ ಬಯಾಸ್ ಎಂದೇ ಉಳಿದಿದೆ. ಡೆಲ್‌ನವರು ಇದಕ್ಕೆ ‘ಎಸಿ ಪವರ್ ರಿಕವರಿ’ ಎಂದು ಹೆಸರಿಟ್ಟು ‘ಸಿಸ್ಟಮ್ ಸೆಕ್ಯೂರಿಟಿ’ ಪುಟದೊಳಗೆ ಇಟ್ಟಿದ್ದಾರೆ. ಕರೆಂಟಿಗೂ ಸೆಕ್ಯೂರಿಟಿಗೂ ಏನು ನಂಟೋ! ಎಚ್‌ಪಿಇಯಲ್ಲಿ ಹೆಸರು ‘ಆಟೋಮ್ಯಾಟಿಕ್ ಪವರ್-ಆನ್’. ಸೂಪರ್‌ಮೈಕ್ರೊದಲ್ಲಿ ‘ರೀಸ್ಟೋರ್ ಆನ್ ಎಸಿ ಪವರ್ ಲಾಸ್’. ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡವರಿದ್ದರೆ, ಗಿಗಾಬೈಟ್ ಬೋರ್ಡಿನಲ್ಲಿ ‘ಎಸಿ ಬ್ಯಾಕ್’ ಎಂದು ಹುಡುಕಿ.

ಹೆಸರು ಏನೇ ಇರಲಿ, ಆಯ್ಕೆ ಮೂರೇ. ಕರೆಂಟ್ ಬಂದರೂ ಆಫ್ ಆಗಿಯೇ ಇರು. ಕರೆಂಟ್ ಬಂದ ತಕ್ಷಣ ಆನ್ ಆಗು. ಕರೆಂಟ್ ಹೋಗುವ ಹೊತ್ತಿಗೆ ಹೇಗಿದ್ದೆಯೋ ಹಾಗೇ ಆಗು. ಈ ಮೂರನೆಯದೇ ನಿಮ್ಮ ‘ಲಾಸ್ಟ್ ಸ್ಟೇಟ್’. ಕೇಳಿದರೆ ಇದೇ ಸರಿ ಎನಿಸುತ್ತದೆ, ಅಲ್ವಾ? ಯುಪಿಎಸ್ ಇಲ್ಲದಿದ್ದರೆ ಸರಿಯೇ. ಯುಪಿಎಸ್ ಇದ್ದರೆ ಆಟ ಬೇರೆ.

ನಿಮ್ಮ ಯುಪಿಎಸ್‌ನಿಂದ ಸರ್ವರ್‌ಗೆ ಒಂದು ಯುಎಸ್‌ಬಿ ಕೇಬಲ್ ಇರಬೇಕು. ಬ್ಯಾಟರಿ ಮುಗಿಯುತ್ತಾ ಬಂದಾಗ ಯುಪಿಎಸ್ ಅದರಲ್ಲಿ ಸುದ್ದಿ ಕಳಿಸುತ್ತದೆ. ಸರ್ವರ್‌ನಲ್ಲಿರುವ ಸಾಫ್ಟ್‌ವೇರ್ ಫೈಲುಗಳನ್ನೆಲ್ಲ ಮುಚ್ಚಿ ಶಟ್‌ಡೌನ್ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಬ್ಯಾಟರಿಯೂ ಖಾಲಿ. ಈಗ ನೋಡಿ: ಕರೆಂಟ್ ನಿಜವಾಗಿ ಕೈಕೊಟ್ಟ ಆ ಕ್ಷಣದಲ್ಲಿ ಸರ್ವರ್ ಆಫ್ ಆಗಿತ್ತು. ಬೆಳಗಿನ ಜಾವ ಕರೆಂಟ್ ಬಂದಾಗ ಅದು ‘ನಾನು ಆಫ್ ಆಗಿದ್ದೆ, ಆಫ್ ಆಗಿಯೇ ಇರುತ್ತೇನೆ’ ಎಂದು ಕೂತುಬಿಡುತ್ತದೆ.

ಹಾಗಾದರೆ ಒಮ್ಮೊಮ್ಮೆ ಏಳುವುದು ಹೇಗೆ? ಬಹುಶಃ ನಿಮ್ಮ ಯುಪಿಎಸ್ ಬ್ಯಾಟರಿ ಹಳತಾಗಿದೆ. ಶಟ್‌ಡೌನ್ ಮುಗಿಯುವ ಮೊದಲೇ ಕೆಲವು ರಾತ್ರಿ ಅದು ಕೈಚೆಲ್ಲುತ್ತಿದೆ. ಆಗ ಸರ್ವರ್ ಓಡುತ್ತಿರುವಾಗಲೇ ಕರೆಂಟ್ ಕಡಿದು ಹೋಗುತ್ತದೆ. ಹಿಂದಿನ ಸ್ಥಿತಿ ‘ಆನ್’ ಎಂದು ದಾಖಲಾಗುತ್ತದೆ, ಕರೆಂಟ್ ಬಂದಾಗ ಎದ್ದು ನಿಲ್ಲುತ್ತದೆ. ಅಂದರೆ ತಾನಾಗಿ ಎದ್ದ ದಿನವೇ ನೀವು ಹೆದರಬೇಕಾದ ದಿನ. ಡೇಟಾಬೇಸ್ ಅರ್ಧಕ್ಕೆ ನಿಂತಿದ್ದು ಅವತ್ತೇ.

ಆದ್ದರಿಂದ ಯುಪಿಎಸ್ ಇರುವ ಸರ್ವರ್‌ಗೆ ‘ಲಾಸ್ಟ್’ ಬೇಡ. ‘ಆನ್’ ಅಥವಾ ‘ಆಲ್ವೇಸ್ ಆನ್’ ಎಂದು ಇಡಿ.

ಇಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ಗುಂಡಿ ಕಾದಿದೆ. ಅದರಲ್ಲಿ ನಾನೇ ಬಿದ್ದಿದ್ದೇನೆ. ಒಂದು ಸಣ್ಣ ಕಚೇರಿಗೆ ‘ಆಲ್ವೇಸ್ ಆನ್’ ಇಟ್ಟುಕೊಟ್ಟು, ಇನ್ನು ಚಿಂತೆಯಿಲ್ಲ ಎಂದು ಹೇಳಿ ಬಂದಿದ್ದೆ. ಮರುವಾರವೇ ಫೋನ್ ಬಂತು. ಆಗಿದ್ದು ಇಷ್ಟೇ: ಸರ್ವರ್ ಶಟ್‌ಡೌನ್ ಆಯಿತು, ಯುಪಿಎಸ್‌ನಲ್ಲಿ ಇನ್ನೂ ಸ್ವಲ್ಪ ಚಾರ್ಜ್ ಉಳಿದಿತ್ತು, ಅಷ್ಟರಲ್ಲಿ ಲೈನ್ ಕರೆಂಟ್ ಬಂತು. ಯುಪಿಎಸ್‌ನ ಔಟ್‌ಪುಟ್ ಒಂದು ಕ್ಷಣವೂ ನಿಲ್ಲಲಿಲ್ಲ. ಸರ್ವರ್‌ನ ಲೆಕ್ಕದಲ್ಲಿ ಕರೆಂಟ್ ಹೋಗಲೇ ಇಲ್ಲ! ಹೋಗದ ಕರೆಂಟ್ ಮರಳಿ ಬರುವುದೆಲ್ಲಿಂದ? ಈ ತೊಂದರೆಗೆ ಬಯಾಸ್‌ನಲ್ಲಿ ಮದ್ದಿಲ್ಲ.

ಮದ್ದು ಯುಪಿಎಸ್ ಸಾಫ್ಟ್‌ವೇರ್‌ನಲ್ಲಿದೆ. ಸರ್ವರ್ ಶಟ್‌ಡೌನ್ ಆದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೂ ಬೇಕೆಂದೇ ಕಡಿಯಬೇಕು. ನಡುವೆ ಲೈನ್ ಬಂದಿದ್ದರೂ ಒಮ್ಮೆ ಕಡಿದು ಮತ್ತೆ ಕೊಡಬೇಕು. ಎಪಿಸಿಯ ಪವರ್‌ಚ್ಯೂಟ್‌ನಲ್ಲಿ ಶಟ್‌ಡೌನ್ ನಂತರ ಯುಪಿಎಸ್ ಆಫ್ ಮಾಡುವ ಆಯ್ಕೆ ಇದೆ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ‘ನಟ್’ ಬಳಸುವವರು ‘ಪವರ್‌ಡೌನ್ ಫ್ಲ್ಯಾಗ್’ ಎಂಬ ಸಾಲು ಇದೆಯೇ ನೋಡಿಕೊಳ್ಳಿ. ಶಟ್‌ಡೌನಿನ ಕೊನೆಯಲ್ಲಿ ಯುಪಿಎಸ್‌ಗೆ ‘ನೀನೂ ಮಲಗು’ ಎಂದು ಹೇಳುವುದು ಅದರ ಕೆಲಸ. ಕಡಿಯುವ ಮೊದಲು ಯುಪಿಎಸ್ ಎಷ್ಟು ಸೆಕೆಂಡ್ ಕಾಯಬೇಕು ಎಂದೂ ಹೇಳಬಹುದು. ನಿಮ್ಮ ಸರ್ವರ್ ಪೂರ್ತಿ ಆರಲು ಬೇಕಾಗುವ ಸಮಯಕ್ಕಿಂತ ಅದು ಜಾಸ್ತಿ ಇರಲಿ.

ಕರೆಂಟ್ ಬಂದ ತಕ್ಷಣ ಏಳುವುದೂ ಅಷ್ಟು ಒಳ್ಳೆಯದಲ್ಲ. ನಮ್ಮ ಕಡೆ ಕರೆಂಟ್ ಬರುವ ರೀತಿ ನಿಮಗೆ ಗೊತ್ತಲ್ಲ. ಬರುತ್ತದೆ, ಎರಡು ನಿಮಿಷಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಎರಡನೇ ಸಲ ಹೋದಾಗ ಯುಪಿಎಸ್‌ನಲ್ಲಿ ಚಾರ್ಜೇ ಇರುವುದಿಲ್ಲ. ಸರ್ವರ್ ಡಿಸ್ಕ್ ಪರೀಕ್ಷೆ ಮಾಡುತ್ತಿರುವಾಗಲೇ ಕರೆಂಟ್ ಹೋದರೆ ನಷ್ಟ ದೊಡ್ಡದು. ಡೆಲ್‌ನಲ್ಲಿ ‘ಎಸಿ ಪವರ್ ರಿಕವರಿ ಡಿಲೇ’, ಎಚ್‌ಪಿಇಯಲ್ಲಿ ‘ಪವರ್-ಆನ್ ಡಿಲೇ’ ಎಂದು ತಡ ಮಾಡಿಸುವ ಆಯ್ಕೆಗಳಿವೆ. ನನ್ನ ಕೇಳಿದರೆ, ಈ ಕೆಲಸವನ್ನೂ ಯುಪಿಎಸ್‌ಗೇ ಬಿಡುವುದು ಮೇಲು. ಬ್ಯಾಟರಿ ಇಷ್ಟು ಶೇಕಡಾ ತುಂಬುವವರೆಗೆ ಔಟ್‌ಪುಟ್ ಕೊಡಬೇಡ ಎಂದು ಹೇಳುವ ಸೌಕರ್ಯ ಹಲವು ಯುಪಿಎಸ್‌ಗಳಲ್ಲಿದೆ.

ಇನ್ನೊಂದು ಸಣ್ಣ ಆಯ್ಕೆ. ಸಣ್ಣದೆಂದು ಬಿಟ್ಟರೆ ರಾತ್ರಿಯ ನಿದ್ದೆ ಹೋಗುತ್ತದೆ. ಡೆಲ್‌ನಲ್ಲಿ ‘ಎಫ್1/ಎಫ್2 ಪ್ರಾಂಪ್ಟ್ ಆನ್ ಎರರ್’, ಸೂಪರ್‌ಮೈಕ್ರೊದಲ್ಲಿ ‘ವೇಟ್ ಫಾರ್ ಎಫ್1 ಇಫ್ ಎರರ್’. ಇದು ಚಾಲೂ ಇದ್ದರೆ, ಫ್ಯಾನ್ ಒಂದು ಕೈಕೊಟ್ಟಿದ್ದರೂ ಸರ್ವರ್ ಅರ್ಧ ಎದ್ದು, ಯಾರಾದರೂ ಬಂದು ಎಫ್1 ಒತ್ತಲಿ ಎಂದು ಕಾಯುತ್ತದೆ. ಉಳಿದ ಫ್ಯಾನ್‌ಗಳು ತಿರುಗುತ್ತಿರುತ್ತವೆ, ದೀಪ ಉರಿಯುತ್ತಿರುತ್ತದೆ, ಹೊರಗಿನಿಂದ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಪಕ್ಕದಲ್ಲಿ ಯಾರೂ ಇರದ ಸರ್ವರ್‌ನಲ್ಲಿ ಇದನ್ನು ಆಫ್ ಮಾಡಿ. ಆದರೆ ಎಚ್ಚರಿಕೆಯನ್ನು ಇಮೇಲಿಗೆ ಬರುವಂತೆ ಮಾಡಿಕೊಳ್ಳಿ, ಇಲ್ಲದಿದ್ದರೆ ಫ್ಯಾನ್ ಹಾಳಾಗಿದ್ದು ಗೊತ್ತೇ ಆಗುವುದಿಲ್ಲ.

ಡೆಸ್ಕ್‌ಟಾಪ್ ಬಳಸುವವರಿಗೆ ಮಾತ್ರ ಒಂದು ಮಾತು: ನಿನ್ನೆವರೆಗೆ ಏಳುತ್ತಿದ್ದುದು ಇವತ್ತು ಏಳದಿದ್ದರೆ, ಗಡಿಯಾರವೂ ಹಿಂದೆ ಹೋಗಿದ್ದರೆ, ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಬದಲಿಸಿ. ಸೆಲ್ ಸತ್ತರೆ ಸೆಟ್ಟಿಂಗ್‌ಗಳು ಕಂಪನಿ ಇಟ್ಟಂತೆ ಮರಳಿಬಿಡಬಹುದು.

ಈಗ ಪರೀಕ್ಷೆ. ಸರ್ವರ್ ಕೆಲಸ ಮಾಡುತ್ತಿರುವಾಗ ಸುಮ್ನೆ ವೈರ್ ಕೀಳಬೇಡಿ. ಸೆಟ್ಟಿಂಗ್ ಸೇವ್ ಮಾಡಿ, ರೀಸ್ಟಾರ್ಟ್ ಆಗುವಾಗ ಮತ್ತೆ ಸೆಟಪ್ ಸ್ಕ್ರೀನಿಗೆ ಬನ್ನಿ. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದಿರುವುದಿಲ್ಲ, ಹಾಳಾಗಲು ಫೈಲುಗಳಿಲ್ಲ. ಆಗ ಸರ್ವರ್‌ಗೆ ಹೋಗುವ ಕರೆಂಟ್ ತೆಗೆಯಿರಿ. ಎರಡು ಪವರ್ ಸಪ್ಲೈ ಇದ್ದರೆ ಎರಡರದ್ದೂ. ಅರ್ಧ ನಿಮಿಷ ಬಿಟ್ಟು ಕೊಡಿ. ಎದ್ದೇಳಲು ತಡವಾದರೆ ಗಾಬರಿ ಬೇಡ. ಸರ್ವರ್‌ನೊಳಗೆ ಅದನ್ನು ದೂರದಿಂದ ನೋಡಿಕೊಳ್ಳಲೆಂದೇ ಇರುವ ಪುಟ್ಟ ಕಂಪ್ಯೂಟರ್ ಬೇರೆ ಇದೆ (ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ), ಅದು ಮೊದಲು ಏಳಬೇಕು. ಆಮೇಲೆ ಮೆಮೊರಿ ಪರೀಕ್ಷೆ. ಜಾಸ್ತಿ ಮೆಮೊರಿ ಇದ್ದರೆ ಕೆಲವು ನಿಮಿಷ ಬೇಕೇ ಬೇಕು.

ಅಂದ ಹಾಗೆ, ಆ ಪುಟ್ಟ ಕಂಪ್ಯೂಟರ್‌ಗೆ ನೆಟ್‌ವರ್ಕ್ ಕೇಬಲ್ ಕೊಟ್ಟಿದ್ದೀರಾ? ಕೊಟ್ಟರೆ ಮನೆಯಿಂದಲೇ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಸರ್ವರ್ ಆನ್ ಮಾಡಬಹುದು. ನೇರವಾಗಿ ಇಂಟರ್ನೆಟ್ಟಿಗೆ ಮಾತ್ರ ತೆರೆದಿಡಬೇಡಿ. ಹಳೆಯ ಡೆಲ್‌ಗಳ ಐಡ್ರ್ಯಾಕ್‌ಗೆ ಕಂಪನಿಯೇ ಇಟ್ಟ ‘ಕ್ಯಾಲ್ವಿನ್’ ಎಂಬ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಮೊದಲು ಅದನ್ನು ಬದಲಿಸಿ.

ಕೊನೆಯ ಪರೀಕ್ಷೆ ಯುಪಿಎಸ್‌ನದು. ರಜೆಯ ದಿನ, ಬ್ಯಾಕಪ್ ತೆಗೆದ ಮೇಲೆ, ಯುಪಿಎಸ್‌ನ ಗೋಡೆ ಸ್ವಿಚ್ಚು ಆರಿಸಿ. ಪ್ಲಗ್ ಕೀಳಬೇಡಿ, ಅರ್ಥಿಂಗ್ ಇರಲಿ. ಸರ್ವರ್ ತಾನಾಗಿ ಶಟ್‌ಡೌನ್ ಆದ ಕೂಡಲೇ, ಬ್ಯಾಟರಿ ಮುಗಿಯುವ ಮೊದಲೇ, ಸ್ವಿಚ್ಚು ಹಾಕಿ. ಯುಪಿಎಸ್ ಒಮ್ಮೆ ಔಟ್‌ಪುಟ್ ಕಡಿದು ಕೊಟ್ಟು ಸರ್ವರ್ ಎದ್ದರೆ ಕೆಲಸ ಮುಗಿಯಿತು. ಏಳದಿದ್ದರೆ ಮತ್ತೆ ಬರೆಯಿರಿ. ಆದರೆ ಈ ಸಲ ಸರ್ವರ್‌ನ ಮಾಡೆಲ್ ನಂಬರ್ ಬೇಡ, ಯುಪಿಎಸ್‌ನದು ಕಳಿಸಿ.